ಏಳರ ಬಾವಿಯೋ, ಆಣೆಯ ಬಾವಿಯೋ?

ಶುಕ್ರವಾರ ಬೇರ್ಷೆಬಕ್ಕೆ ಹೋಗಬೇಡ, ಸಿಕ್ಕಿಹಾಕಿಕೊಳ್ಳುತ್ತೀಯ ಎಂದು ಟೆಲ್ ಅವೀವ್‌ನಲ್ಲಿ ರೂಮಿನ ಪಕ್ಕದವರು ಹೇಳಿದ್ದರು. ನಾನು ಕೇಳಲಿಲ್ಲ. ಇಸ್ರೇಲಿನಲ್ಲಿ ಶುಕ್ರವಾರ ಮಧ್ಯಾಹ್ನ ನಿಂತ ರೈಲು ಮತ್ತೆ ಹೊರಡುವುದು ಶನಿವಾರ ಕತ್ತಲಾದ ಮೇಲೆ. ಯೆಹೂದ್ಯರ ವಾರದ ವಿಶ್ರಾಂತಿ ದಿನ, ಸಬ್ಬತ್ ಅಲ್ವಾ! ಬೆಳಿಗ್ಗೆ ಬೇಗ ಹೋಗಿ ಊಟದ ಹೊತ್ತಿಗೆ ವಾಪಸ್ ಬಂದುಬಿಡುತ್ತೇನೆ ಎಂದು ಹೊರಟೆ.

ಹೋಗಬೇಕು ಅನ್ನಿಸಿದ್ದು ಊರಿನ ಹೆಸರಿಗೋಸ್ಕರ. ನಮ್ಮಜ್ಜಿ ರಾತ್ರಿ ಊಟ ಆದ ಮೇಲೆ ಸತ್ಯವೇದ, ಅಂದರೆ ಬೈಬಲ್ ಓದುತ್ತಿದ್ದಳು. ‘ದಾನಿನಿಂದ ಬೇರ್ಷೆಬದವರೆಗೆ’ ಎಂಬ ಮಾತು ಬಂದಾಗಲೆಲ್ಲ, ಅಂದರೆ ಬೀದರ್‌ನಿಂದ ಚಾಮರಾಜನಗರದವರೆಗೆ ಅಂದ್ಕೊಳ್ಳಿ ಅನ್ನುತ್ತಿದ್ದಳು. ಸರಿಯಾಗೇ ಹೇಳಿದ್ದಳು. ದಾನ್ ದೇಶದ ಉತ್ತರದ ತುದಿ, ಬೇರ್ಷೆಬ ದಕ್ಷಿಣದ್ದು. ಅಲ್ಲಿಂದ ಕೆಳಗೆ ನೆಗೆವ್ ಮರಳುಗಾಡು.

ಈಗಿನ ಬೇರ್ಷೆಬ ದೊಡ್ಡ ನಗರ. ಯೂನಿವರ್ಸಿಟಿ, ಮಾಲ್, ಎತ್ತರದ ಅಪಾರ್ಟ್‌ಮೆಂಟ್‌ಗಳು ಎಲ್ಲ ಇವೆ. ಹಳೆಯ ಊರು ಎಂದು ತೋರಿಸುವ ಭಾಗವೂ ತುರ್ಕರು 1900ರಲ್ಲಿ ಕಟ್ಟಿಸಿದ್ದು. ಅದರ ಅಂಚಿನಲ್ಲಿ ಅಬ್ರಹಾಮನ ಬಾವಿ ಎಂದು ಒಂದಿದೆ, ಬಾಯಿಕಲ್ಲಿನ ಮೇಲೆ ಹಗ್ಗ ಉಜ್ಜಿ ಉಜ್ಜಿ ಬೆರಳು ಇಡುವಷ್ಟು ಗೆರೆಗಳಾಗಿವೆ. ನಮ್ಮ ಹಳ್ಳಿ ಬಾವಿಯ ಕಟ್ಟೆಯೂ ಥೇಟ್ ಹೀಗೇ ಇತ್ತು. ಅಲ್ಲಿ ಜಾಸ್ತಿ ನಿಲ್ಲಲಿಲ್ಲ, ಟ್ಯಾಕ್ಸಿ ಹಿಡಿದು ಊರಾಚೆ, ಪುರಾತನ ಪಟ್ಟಣ ಹೂತಿದ್ದ ದಿಬ್ಬಕ್ಕೆ ಹೋದೆ. ಟೆಲ್ ಬೇರ್ಷೆಬ ಅನ್ನುತ್ತಾರೆ, 2005ರಲ್ಲಿ ಮೆಗಿದ್ದೋ, ಹಾಚೋರ್ ದಿಬ್ಬಗಳ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು. ಯೋಹಾನಾನ್ ಅಹರೋನಿ ಎಂಬ ವಿದ್ವಾಂಸರ ತಂಡ 1969ರಿಂದ ಇಲ್ಲಿ ಅಗೆದಿತ್ತು.

ಊರಬಾಗಿಲಿನ ಹೊರಗೇ ಒಂದು ಬಾವಿ. ಆಳ 69 ಮೀಟರ್, ಅಂದರೆ 225 ಅಡಿಗೂ ಜಾಸ್ತಿ! ಕೋಲಾರದ ಬೋರ್‌ವೆಲ್ ನೋಡಿದವರಿಗೆ ಇದೇನು ಮಹಾ ಅನ್ನಿಸಬಹುದು, ಆದರೆ ಇದು ಮೆಷಿನ್ ಇಲ್ಲದ ಕಾಲದಲ್ಲಿ ಕೈಯಲ್ಲಿ ತೋಡಿದ್ದು. ಇಂಥ ಬಾವಿಯನ್ನು ಯಾರಾದರೂ ಕಿತ್ತುಕೊಂಡರೆ ಸಿಟ್ಟು ಬರದೇ ಇರುತ್ತಾ?

ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 21ನೇ ಅಧ್ಯಾಯದಲ್ಲಿ ಆಗಿದ್ದೂ ಅದೇ. ಗೆರಾರಿನ ರಾಜ ಅಬೀಮೆಲೆಕನ ಆಳುಗಳು ಬಾವಿ ಕಿತ್ತುಕೊಂಡರು ಎಂದು ಅಬ್ರಹಾಮನ ದೂರು. ಮಾತುಕತೆ ಆಯಿತು. ಅಬ್ರಹಾಮ ಏಳು ಹೆಣ್ಣು ಕುರಿಮರಿಗಳನ್ನು ಬೇರೆ ನಿಲ್ಲಿಸಿದ. ಇವು ಯಾಕೆ ಎಂದರೆ, ಈ ಬಾವಿ ನಾನೇ ತೋಡಿಸಿದ್ದು ಅನ್ನೋದಕ್ಕೆ ಸಾಕ್ಷಿ ಎಂದ. ಇಬ್ಬರೂ ಅಲ್ಲಿ ಆಣೆ ಮಾಡಿದ್ದರಿಂದ ಆ ಜಾಗ ಬೇರ್ಷೆಬ ಆಯಿತು ಎಂದು ಬರೆದಿದೆ.

ಇಲ್ಲೇ ನನಗೆ ಮೊದಲಿಂದ ಗೊಂದಲ. ಹೀಬ್ರೂವಿನಲ್ಲಿ ಬೆಏರ್ ಅಂದರೆ ಬಾವಿ, ಅದರಲ್ಲಿ ತಕರಾರಿಲ್ಲ. ಷೆಬ ಅಥವಾ ಷೆವ ಅಂದರೆ ಏಳು. ಕುರಿಮರಿಗಳು ಏಳು. ಆದರೆ ಹೆಸರಿಗೆ ಕಾರಣ ಆಣೆ ಅಂತೆ. ಹಾಗಾದರೆ ಏಳರ ಬಾವಿಯೋ, ಆಣೆಯ ಬಾವಿಯೋ? ಸಾಲದ್ದಕ್ಕೆ 26ನೇ ಅಧ್ಯಾಯದಲ್ಲಿ ಮಗ ಇಸಾಕನೂ ಅಬೀಮೆಲೆಕನ ಜೊತೆ ಆಣೆ ಮಾಡುತ್ತಾನೆ, ಅದೇ ದಿನ ಅವನ ಆಳುಗಳು ನೀರು ಸಿಕ್ಕಿತು ಎಂದು ಓಡಿ ಬರುತ್ತಾರೆ, ಅವನು ಆ ಬಾವಿಗೆ ಷಿಬಾ ಎಂದು ಹೆಸರಿಡುತ್ತಾನೆ, ಊರಿಗೆ ಬೇರ್ಷೆಬ ಎಂಬ ಹೆಸರು ಬಂದಿದ್ದು ಅದರಿಂದ ಎಂದು ಇನ್ನೊಂದು ಸಲ ಬರೆದಿದೆ.

ಹೀಬ್ರೂ ಬಲ್ಲವರಿಗೆ ಇದು ತಲೆನೋವೇ ಅಲ್ಲ. ಏಳು, ಆಣೆ ಎರಡಕ್ಕೂ ಷಿನ್, ಬೇತ್, ಅಯಿನ್ ಎಂಬ ಅದೇ ಮೂರು ಅಕ್ಷರ. ಆಣೆ ಇಡುವುದಕ್ಕೆ ಇರುವ ನಿಷ್ಬ ಎಂಬ ಕ್ರಿಯಾಪದವೂ ಅದರಿಂದಲೇ. ಏಳನ್ನು ಮುಂದಿಟ್ಟುಕೊಂಡು ಮಾತು ಕೊಡುವುದು ಅಂದ್ಕೊಳ್ಳಿ. ಸಪ್ತಪದಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಾರಕ್ಕೆ ಷಾವುವ ಅನ್ನುತ್ತಾರೆ, ಅದೂ ಇದೇ ಏಳು. ಸಬ್ಬತ್ ಮಾತ್ರ ಬೇರೆ ಕುಲ, ಅದರ ಕೊನೆಯಲ್ಲಿ ಅಯಿನ್ ಬದಲು ತಾವ್ ಅಕ್ಷರ ಇದೆ. ಏಳನೇ ದಿನ ಅಂತ ನಾನೂ ಎರಡನ್ನೂ ಸೇರಿಸಿಬಿಟ್ಟಿದ್ದೆ.

ಟ್ಯಾಕ್ಸಿಯವನು ಅರಬ್ಬಿ ಮಾತಿನವನು. ಅವನು ಊರನ್ನು ಬೀರ್ ಅಸ್ಸಬ ಎಂದ. ಅರಬ್ಬಿಯಲ್ಲೂ ಬಾವಿ, ಏಳು ಎಲ್ಲ ಹೆಚ್ಚುಕಡಿಮೆ ಅದೇ ಪದಗಳು. ಸಬ ಅಂದ್ರೆ ಸಿಂಹವೂ ಹೌದು, ಅದಕ್ಕೇ ಸಿಂಹದ ಬಾವಿ ಅಂತಲೂ ಹೇಳ್ತಾರೆ ಎಂದು ನಕ್ಕ.

ದಿಬ್ಬದ ಮೇಲೆ ಬಿಸಿಲು ನೆತ್ತಿ ಸುಡುತ್ತಿತ್ತು. ಕೊನೆಗೆ ಭೂಮಿಯೊಳಗಿನ ನೀರಿನ ತೊಟ್ಟಿಗೆ ಇಳಿದೆ. ತಲೆಗೆ ಹೆಲ್ಮೆಟ್ ಹಾಕಿಕೊಂಡೇ ಇಳಿಯಬೇಕು. ನಾಲ್ಕು ಗೋಡೆಗೆ ಅಂಟಿಕೊಂಡು ಸುತ್ತುವ ಮೆಟ್ಟಿಲು, ಕೆಳಗೆ ಸುಣ್ಣದ ಬಂಡೆ ಕೊರೆದ ಕತ್ತಲೆ ಕೋಣೆಗಳು. ಹೊಳೆಗೆ ನೆರೆ ಬಂದಾಗ ನೀರನ್ನು ಒಳಗೆ ತಿರುಗಿಸಿ ತುಂಬಿಸಿಡುತ್ತಿದ್ದರಂತೆ. ಹಳೆಯ ಗಾರೆ ಮುಟ್ಟಿದೆ, ತಣ್ಣಗಿತ್ತು. ಅಲ್ಲಿಂದ ಹೊರಬಂದರೆ ಕೋಟೆಗೋಡೆಯ ಆಚೆ ಇರುತ್ತೀರಿ.

ಕೊನೆಯ ರೈಲು ಸಿಕ್ಕಿತು, ಆದರೆ ಓಡಿದ ರಭಸಕ್ಕೆ ಚಪ್ಪಲಿ ಕಿತ್ತುಹೋಯಿತು. ಸೀಟಿನಲ್ಲಿ ಕೂತು ಮೊಬೈಲಲ್ಲಿ ಹೆಸರುಗಳನ್ನು ಹುಡುಕುತ್ತಾ ಹೋದೆ. ದಾವೀದ ರಾಜನ ಹೆಂಡತಿ ಬತ್ಷೆಬೆ, ಅಂದರೆ ಆಣೆಯ ಮಗಳು, ಅಥವಾ ಏಳರ ಮಗಳು. ಮೋಶೆಯ ಅಣ್ಣ ಆರೋನನ ಹೆಂಡತಿ ಎಲೀಷೆಬ, ಅಂದರೆ ನನ್ನ ದೇವರೇ ನನಗೆ ಆಣೆ. ಆ ಹೆಸರೇ ಗ್ರೀಕ್‌ಗೆ ಹೋಗಿ ಎಲಿಸಬೇತ್ ಆಗಿ, ಇಂಗ್ಲಿಷಿನಲ್ಲಿ ಎಲಿಜಬೆತ್ ಆಯಿತು. ನೋಡಿದ್ರೆ ಅದು ನಮ್ಮಜ್ಜಿಯ ಹೆಸರು! ಎಲಿಸಬೇತಮ್ಮ. ಅಷ್ಟು ವರ್ಷ ಬೇರ್ಷೆಬ ಓದುತ್ತಿದ್ದವಳ ಹೆಸರಿನ ಬಾಲದಲ್ಲೂ ಅದೇ ಷೆಬ.

ತಕ್ಷಣ ಅಮ್ಮನಿಗೆ ಫೋನ್ ಮಾಡಿ ಹೇಳಿದೆ, ಅಜ್ಜಿ ಹೆಸರಲ್ಲಿ ಏಳೂ ಇದೆ, ಆಣೆಯೂ ಇದೆ ಅಂತ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಏಳನೇ ಕ್ಲಾಸ್ ಪಾಸಾದ್ರೆ ಸೈಕಲ್ ಕೊಡಿಸ್ತೀನಿ ಅಂತ ನನ್ನ ತಲೆ ಮುಟ್ಟಿ ಆಣೆ ಮಾಡಿದ್ದಳು, ಇನ್ನೂ ಕಾಯ್ತಿದೀನಿ” ಎಂದಳು.