ಅರ್ಧ ಗಂಟೆಯ ಆಲ್ಬಂ, ರಾತ್ರಿಯಿಡೀ ಜಗಳ

2024ರ ಜೂನ್ 28. ಅಮೆರಿಕದ ರ‍್ಯಾಪರ್ ಲೂಪೆ ಫಿಯಾಸ್ಕೊನ ‘ಸಮುರಾಯ್’ ಆಲ್ಬಂ ಬಂದ ದಿನ. ರಾತ್ರಿ ಎಲ್ಲ ಕೆಲಸ ಮುಗಿಸಿ ನಾನು, ನನ್ನ ತಮ್ಮ, ಮತ್ತೆ ಕಾಲೇಜು ದಿನಗಳಿಂದ ನನ್ನ ಜೊತೆ ರ‍್ಯಾಪ್ ಕೇಳುತ್ತಾ ಬಂದಿರುವ ಒಬ್ಬ ಗೆಳೆಯ, ಮೂವರೂ ಗ್ರೂಪ್ ಕಾಲ್ ಹಾಕಿಕೊಂಡು ಒಟ್ಟಿಗೆ ಪ್ಲೇ ಒತ್ತಿದೆವು. ನಮ್ಮದೊಂದು ನಿಯಮ ಇದೆ. ಕೊನೆಯ ಹಾಡು ಮುಗಿಯುವ ತನಕ ಯಾರೂ ಬಾಯಿ ಬಿಡಬಾರದು.

ಎಂಟೇ ಹಾಡು. ಸುಮಾರು ಅರ್ಧ ಗಂಟೆ. ಸಂಗೀತ ಸೌಂಡ್‌ಟ್ರ್ಯಾಕ್ ಅನ್ನುವ ಹೆಸರಿನ ನಿರ್ಮಾಪಕನದು. 2006ರಲ್ಲಿ ಲೂಪೆಗೆ ಹೆಸರು ತಂದ ‘ಕಿಕ್, ಪುಷ್’ ಹಾಡು ಮಾಡಿದ್ದೂ ಇವನೇ. ಗಾಯಕಿ ಏಮಿ ವೈನ್‌ಹೌಸ್ ಬ್ಯಾಟಲ್ ರ‍್ಯಾಪರ್, ಅಂದರೆ ಎದುರಾಳಿಯ ಜೊತೆ ರ‍್ಯಾಪ್‌ನಲ್ಲೇ ಜಿದ್ದಿಗೆ ಬೀಳುವವಳು, ಆಗಿದ್ದರೆ ಹೇಗಿರುತ್ತಿತ್ತು ಅನ್ನುವ ಕಲ್ಪನೆ ಇಟ್ಟುಕೊಂಡು ಲೂಪೆ ಇಡೀ ಆಲ್ಬಂ ಕಟ್ಟಿದ್ದಾನೆ. ಎಲ್ಲೂ ಅರಚಾಟ ಇಲ್ಲ, ಅವಸರ ಇಲ್ಲ. ಮಾತುಗಳು ನೀರಿನ ಹಾಗೆ ಹರಿಯುತ್ತವೆ. ನಾನು ಕಣ್ಣು ಮುಚ್ಚಿಕೊಂಡು ಕೇಳಿದೆ. ಮುಗಿದಾಗ ಗಂಟಲು ಕಟ್ಟಿತ್ತು.

ಮೊದಲು ಮಾತಾಡಿದ್ದು ಗೆಳೆಯ. ‘ತುಂಬಾ ಚೆನ್ನಾಗಿದೆ ಕಣೇ. ಆದರೆ ಇದನ್ನ ಯಾರು ಕೇಳ್ತಾರೆ?’

ಅಲ್ಲಿಂದ ಶುರುವಾಯಿತು.

ಆ ಮಾತು ನನಗೆ ಯಾಕೆ ಅಷ್ಟು ನಾಟಿತು ಅಂತ ಹೇಳಬೇಕಾದರೆ 2010ಕ್ಕೆ ಹೋಗಬೇಕು. ಆಗ ಲೂಪೆ ಅಟ್ಲಾಂಟಿಕ್ ರೆಕಾರ್ಡ್ಸ್ ಕಂಪನಿಯಲ್ಲಿದ್ದ. ಅವನ ಮೂರನೇ ಆಲ್ಬಂ ‘ಲೇಸರ್ಸ್’ ಬಿಡುಗಡೆಯಾಗದೆ ಕೂತಿತ್ತು. ಕಂಪನಿ 360 ಡೀಲ್ ಕೇಳುತ್ತಿದೆ, ನಾನು ಒಪ್ಪಿಲ್ಲ ಅಂತ ಅವನು ಹೇಳಿಕೊಂಡಿದ್ದ. 360 ಡೀಲ್ ಅಂದರೆ ಹಾಡಿನ ಮಾರಾಟದಲ್ಲಿ ಮಾತ್ರ ಅಲ್ಲ, ಲೈವ್ ಶೋ, ಟೀ ಶರ್ಟ್, ಜಾಹೀರಾತು, ಹೀಗೆ ಕಲಾವಿದ ದುಡಿಯುವ ಪ್ರತಿಯೊಂದರಲ್ಲೂ ಕಂಪನಿಗೆ ಪಾಲು. ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ. ಆನ್‌ಲೈನ್ ಮನವಿ ಶುರು ಮಾಡಿದರು, ಅದಕ್ಕೆ 30,000ಕ್ಕೂ ಜಾಸ್ತಿ ಸಹಿ ಬಿತ್ತು. ಅದರಲ್ಲಿ ನನ್ನದೂ ಒಂದು. ಅಕ್ಟೋಬರ್ 15ರಂದು ನ್ಯೂಯಾರ್ಕಿನಲ್ಲಿ ಕಂಪನಿ ಕಚೇರಿಯ ಮುಂದೆ ಜನ ಸೇರಿದರು. ಅಷ್ಟರಲ್ಲಿ ಬಿಡುಗಡೆಯ ದಿನ ಗೊತ್ತಾಗಿತ್ತು, 2011ರ ಮಾರ್ಚ್ 8. ಗೆದ್ದೆವು ಅಂತ ನಾನು ಕುಣಿದಾಡಿದ್ದೆ. ನಮ್ಮಂಥವರ ಮಾತು ಅಷ್ಟು ದೊಡ್ಡ ಕಂಪನಿಗೆ ಕೇಳಿಸಿತಲ್ಲ!

ಆಲ್ಬಂ ಬಂತು. ಮೊದಲ ವಾರದಲ್ಲೇ ಅಮೆರಿಕದಲ್ಲಿ ಸುಮಾರು 2,04,000 ಪ್ರತಿ ಮಾರಿ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಅದರಲ್ಲಿದ್ದ ‘ದಿ ಶೋ ಗೋಸ್ ಆನ್’ ಎಲ್ಲರ ಬಾಯಲ್ಲೂ ಇತ್ತು. ನನಗೆ ಅದು ಪರೀಕ್ಷೆಯ ಸಮಯ. ಬೆಳಗ್ಗೆ ಎದ್ದ ತಕ್ಷಣ ಅದೇ ಹಾಡು, ಓದಿ ತಲೆ ಕೆಟ್ಟಾಗ ಅದೇ ಹಾಡು. ಒಂದು ಪರೀಕ್ಷೆ ಪೂರ್ತಿ ಕೈಕೊಟ್ಟ ದಿನ ಅದನ್ನೇ ಹಾಕಿಕೊಂಡು ಅತ್ತಿದ್ದೇನೆ, ಆಮೇಲೆ ಎದ್ದು ಮುಂದಿನ ಪುಸ್ತಕ ತೆಗೆದಿದ್ದೇನೆ.

ಆಮೇಲೆ ಲೂಪೆಯ ಸಂದರ್ಶನ ಓದಿದೆ. ಈ ಆಲ್ಬಂ ಬಗ್ಗೆ ತನಗೆ ಪ್ರೀತಿಯೂ ಇದೆ, ದ್ವೇಷವೂ ಇದೆ ಅಂದಿದ್ದ. ‘ದಿ ಶೋ ಗೋಸ್ ಆನ್’ ಹಾಡಿನ ಆಯ್ಕೆಯಲ್ಲಿ ತನ್ನ ಪಾತ್ರ ಏನೂ ಇಲ್ಲ, ಅದು ಕಂಪನಿಯಿಂದ ತನ್ನ ಮುಂದೆ ಬಂದದ್ದು ಅನ್ನುವ ಅರ್ಥದಲ್ಲಿ ಮಾತಾಡಿದ್ದ. ಓದಿ ತುಂಬಾ ಹೊತ್ತು ಏನೂ ತೋಚಲಿಲ್ಲ. ನಾನು ಸಹಿ ಹಾಕಿದ್ದು ಅವನ ಆಲ್ಬಂ ಬರಲಿ ಅಂತ. ಬಂದದ್ದು ಅವನಿಗೇ ಪೂರ್ತಿ ತನ್ನದು ಅನ್ನಿಸದ ಆಲ್ಬಂ. ಆ ಹಾಡನ್ನು ನಾನು ಎರಡು ವರ್ಷ ಮುಟ್ಟಲಿಲ್ಲ.

ಅದಕ್ಕೇ ‘ಯಾರು ಕೇಳ್ತಾರೆ’ ಅಂದಾಗ ನನಗೆ ರೇಗಿತು. 2017ರಿಂದ ಲೂಪೆ ಅಟ್ಲಾಂಟಿಕ್ ಬಿಟ್ಟು ತನ್ನದೇ ಲೇಬಲ್‌ನಲ್ಲಿ, ಅಂದರೆ ತನ್ನದೇ ರೆಕಾರ್ಡ್ ಕಂಪನಿಯಲ್ಲಿ, ಆಲ್ಬಂ ತರುತ್ತಿದ್ದಾನೆ. ತನಗೆ ಬೇಕಾದ್ದು ಮಾಡುತ್ತಿದ್ದಾನೆ, ಅದು ಸಾಲದಾ ಅಂದೆ.

‘ತನ್ನದೇ ಅಂತೀಯಲ್ಲ, ವಿತರಣೆ ಮಾಡೋ ಥರ್ಟಿ ಟೈಗರ್ಸ್ ಕಂಪನಿ ಇದೆಯಲ್ಲ ಹಿಂದೆ?’ ಅಂದ ಗೆಳೆಯ. ‘ಪೂರ್ತಿ ಒಂಟಿಯಾಗಿ ಯಾರೂ ಇಲ್ಲ ಕಣೇ. ರ‍್ಯಾಪರ್ ಮ್ಯಾಕ್ಲೆಮೋರ್‌ನ ಇಂಡಿಪೆಂಡೆಂಟ್, ಯಾವ ದೊಡ್ಡ ಕಂಪನಿಗೂ ಸೇರದವನು ಅಂತ ಎಲ್ಲರೂ ಹೊಗಳಿದರು. ಅವನ ಆಲ್ಬಂ ವಿತರಣೆ ವಾರ್ನರ್ ಗುಂಪಿನ ಕಂಪನಿಯಿಂದ ಆಯ್ತು. ಚಾನ್ಸ್ ದ ರ‍್ಯಾಪರ್ ಯಾವ ಲೇಬಲ್ಲೂ ಬೇಡ ಅಂದ, 2017ರಲ್ಲಿ ಒಂದು ಆಲ್ಬಂಗೆ ಗ್ರ್ಯಾಮಿನೂ ಗೆದ್ದ. ಅದೇ ಆಲ್ಬಂ ಎರಡು ವಾರ ತಮ್ಮ ಹತ್ತಿರ ಮಾತ್ರ ಇರಲಿ ಅಂತ ಆ್ಯಪಲ್ ಅವನಿಗೆ 5 ಲಕ್ಷ ಡಾಲರ್ ಕೊಟ್ಟಿತ್ತು. ಅವನೇ ಹೇಳಿದ್ದು.’

ಇದೆಲ್ಲ ನಿಜ. ಆದರೆ ಇಲ್ಲಿ ಅಭಿಮಾನಿಗಳು ಎರಡು ಬೇರೆ ವಿಷಯ ಕಲೆಸಿಬಿಡುತ್ತಾರೆ ಅಂತ ನನಗನ್ನಿಸುತ್ತದೆ. ಸಹಾಯ ತಗೊಳ್ಳೋದು ಬೇರೆ, ಹಕ್ಕು ಬರೆದುಕೊಡೋದು ಬೇರೆ. ದೊಡ್ಡ ಲೇಬಲ್‌ನ ಹಳೇ ಕಾಲದ ಒಪ್ಪಂದದಲ್ಲಿ ಕಂಪನಿ ಮುಂಗಡ ಕೊಡುತ್ತದೆ. ಆ ಮುಂಗಡವನ್ನೂ ರೆಕಾರ್ಡಿಂಗ್ ಖರ್ಚನ್ನೂ ಕಲಾವಿದನ ಪಾಲಿನಿಂದಲೇ ಮುರಿದುಕೊಳ್ಳುತ್ತದೆ. ಸಾಲ ಪೂರ್ತಿ ತೀರಿದ ಮೇಲೂ ಮಾಸ್ಟರ್, ಅಂದರೆ ಮೂಲ ಧ್ವನಿಮುದ್ರಣ, ಕಂಪನಿಯದ್ದೇ. ಥರ್ಟಿ ಟೈಗರ್ಸ್‌ನಂಥವರ ಜೊತೆ ಹೋದರೆ ಮಾಸ್ಟರ್ ಕಲಾವಿದನ ಹತ್ತಿರವೇ ಉಳಿಯುತ್ತದೆ, ಅವರು ವಿತರಣೆ, ಪ್ರಚಾರ ನೋಡಿಕೊಳ್ಳುತ್ತಾರೆ. ಯಾವುದೇ ಆಲ್ಬಂ ತೆರೆದು ಕೆಳಗೆ ನೋಡಿ. ವೃತ್ತದೊಳಗೆ ಪಿ ಅಕ್ಷರ ಇರುವ ಒಂದು ಸಣ್ಣ ಸಾಲು ಇರುತ್ತದೆ. ಧ್ವನಿಮುದ್ರಣದ ಹಕ್ಕು ಯಾರದ್ದು ಅನ್ನೋದು ಆ ಸಾಲಲ್ಲಿದೆ. ನಾವು ಗಂಟೆಗಟ್ಟಲೆ ‘ಮಾರಿಕೊಂಡ’, ‘ಮಾರಿಕೊಳ್ಳಲಿಲ್ಲ’ ಅಂತ ಬೀಟ್ ಕೇಳಿ ತೀರ್ಪು ಕೊಡುತ್ತೇವೆ, ಆ ಸಾಲು ಮಾತ್ರ ಓದಲ್ಲ.

ಇಷ್ಟು ಹೇಳಿದೆ. ಗೆಳೆಯ ಬಿಡಬೇಕಲ್ಲ!

‘ಸರಿ, ಹಕ್ಕು ಇದ್ದರೆ ಆಲ್ಬಂ ಚೆನ್ನಾಗಿರುತ್ತಾ? 2019ರಲ್ಲಿ ಚಾನ್ಸ್ ಮಾಡಿದ ‘ದಿ ಬಿಗ್ ಡೇ’ ನೆನಪಿಸಿಕೋ. 22 ಟ್ರ್ಯಾಕ್, 77 ನಿಮಿಷ. ಯಾರಾದರೂ ಒಬ್ಬರು ಪಕ್ಕದಲ್ಲಿ ಕೂತು ಸಾಕಪ್ಪಾ ಅಂದಿದ್ದರೆ ಅದು ಉಳಿದುಕೊಳ್ತಿತ್ತು.’

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಆ ಆಲ್ಬಂ ನನಗೂ ಉದ್ದ ಅನ್ನಿಸಿತ್ತು. ಬೇಡ ಅನ್ನುವವರು ಬೇಕು, ಒಪ್ಪುತ್ತೇನೆ. ಆದರೆ ಆ ಮಾತು ಹೇಳುವವರನ್ನು ಕಲಾವಿದನೇ ಆರಿಸಿಕೊಳ್ಳಬೇಕು ಅಲ್ವಾ? ಲೂಪೆ ಎಂಟೇ ಹಾಡಿಗೆ ನಿಲ್ಲಿಸಿದ್ದಾನೆ, ಯಾರೂ ಅವನ ಕೈ ಹಿಡಿದು ನಿಲ್ಲಿಸಿಲ್ಲ ಅಂದೆ.

ಆಗ ಅವನು ಒಂದು ಮಾತು ಕೇಳಿದ. ‘ಆ ಪರೀಕ್ಷೆ ಕೆಟ್ಟ ದಿನ ನಿನ್ನನ್ನ ಎಬ್ಬಿಸಿದ್ದು ಯಾವ ಹಾಡು? ಕಂಪನಿ ಕೊಟ್ಟ ಹಾಡೇ ತಾನೇ? ನಿನ್ನ ಅಳು ಸುಳ್ಳಾ ಹಾಗಾದರೆ?’

ನಾನು ಮಾತಾಡಲಿಲ್ಲ. ಅಳು ನಿಜ. ಹಾಡು ಕೊಟ್ಟ ಧೈರ್ಯ ನಿಜ. ಅದನ್ನು ಹಾಡಿದವನ ಮುಜುಗರವೂ ನಿಜ. ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳೋದು ನನಗೆ ಇವತ್ತಿಗೂ ಕಷ್ಟ.

ಅಲ್ಲಿಯವರೆಗೆ ತಮ್ಮ ಒಂದು ಮಾತೂ ಆಡಿರಲಿಲ್ಲ. ಅವನು ಮನೆಯಲ್ಲೇ ಬೀಟ್ ಮಾಡಿ, ತಾನೇ ಬರೆದು ಹಾಡಿ, ನಾಲ್ಕು ವರ್ಷದಿಂದ ಹಾಡು ಬಿಡುತ್ತಿದ್ದಾನೆ. ‘ಅಕ್ಕಾ, ನೀವಿಬ್ಬರೂ ಲೂಪೆ ಬಗ್ಗೆ ಜಗಳ ಆಡ್ತಿದ್ದೀರ. ಅವನಿಗೆ ಮೊದಲೇ ಹೆಸರಿತ್ತು. ಆ ಹೆಸರು ಊರೂರಿಗೆ ಮುಟ್ಟಿಸಿದ್ದು ಅಟ್ಲಾಂಟಿಕ್ಕೇ ಅಲ್ವಾ? ನನ್ನದು ಎಲ್ಲಾ ಹಕ್ಕೂ ನನ್ನ ಹತ್ತಿರಾನೇ ಇದೆ. ಸ್ಪಾಟಿಫೈನಲ್ಲಿ ಹನ್ನೆರಡು ತಿಂಗಳಲ್ಲಿ 1,000 ಸಲ ಪ್ಲೇ ಆಗದ ಹಾಡಿಗೆ ಈ ವರ್ಷದಿಂದ ದುಡ್ಡೇ ಇಲ್ಲ. ನನ್ನ ಒಂದು ಹಾಡೂ ಅಷ್ಟು ದಾಟಿಲ್ಲ.’

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದು ಲೇಬಲ್‌ನಿಂದ ಒಪ್ಪಂದ ಬಂದಿದೆ. ನಿಮಗೆ ಹೇಳಿರಲಿಲ್ಲ. ಈಗ ಕಳಿಸ್ತೀನಿ, ಓದಿ’ ಅಂದ.

ಆಲ್ಬಂ ಜಗಳ ಅಲ್ಲಿಗೆ ನಿಂತಿತು. ಮೂವರೂ ಆ ಪುಟಗಳನ್ನು ಒಂದೊಂದೇ ಸಾಲು ಗಟ್ಟಿಯಾಗಿ ಓದಿದೆವು. ಮಾಸ್ಟರ್ ಕಂಪನಿಗೆ ಹದಿನೈದು ವರ್ಷ, ಆಮೇಲೆ ವಾಪಸ್. ಅದು ಅಷ್ಟೇನೂ ಕೆಟ್ಟದ್ದಲ್ಲ ಅನ್ನಿಸಿತು. ನಾವು ನಿಂತದ್ದು ಬೇರೆ ಕಡೆ. ಕೊಡುವ ಹಾಡುಗಳು ‘ಕಮರ್ಷಿಯಲಿ ಸ್ಯಾಟಿಸ್ಫ್ಯಾಕ್ಟರಿ’ ಆಗಿರಬೇಕು, ಅದನ್ನು ತೀರ್ಮಾನಿಸುವುದು ಕಂಪನಿ ಅಂತ ಇತ್ತು. ಅಂದರೆ ಇದು ಓಡಲ್ಲ ಅಂತ ಅವರಿಗೆ ಅನ್ನಿಸಿದರೆ ಸಾಕು, ಹಾಡು ಬೇಡ ಅನ್ನಬಹುದು. ಎಷ್ಟು ಸಲ ಬೇಕಾದರೂ ಅನ್ನಬಹುದು. ಅದರ ಬದಲು ‘ಟೆಕ್ನಿಕಲಿ ಸ್ಯಾಟಿಸ್ಫ್ಯಾಕ್ಟರಿ’ ಅಂತಿದ್ದರೆ ರೆಕಾರ್ಡಿಂಗ್ ಶುದ್ಧವಾಗಿದ್ದರೆ ಸಾಕು, ಹಾಡು ಹೇಗಿರಬೇಕು ಅನ್ನೋದು ಅವನಿಗೇ ಬಿಟ್ಟದ್ದು. ಒಂದೇ ಪದದ ವ್ಯತ್ಯಾಸ.

ಅಚ್ಚರಿ ಅಂದರೆ, ಅಲ್ಲಿಯವರೆಗೆ ಲೇಬಲ್ ಪರ ವಾದ ಮಾಡಿದ್ದ ಗೆಳೆಯನೇ ಮೊದಲು, ‘ಈ ಪದ ತೆಗೆಸದೆ ಸಹಿ ಹಾಕಬೇಡ ಕಣೋ’ ಅಂದ. ‘ಸರಿ ಅಣ್ಣ’ ಅಂದ ತಮ್ಮ. ರಾತ್ರಿ ಎರಡು ಗಂಟೆಗೆ ಕೂತು ಮೇಲ್ ಬರೆದೆವು. ಗೆಳೆಯ ಹೇಳಿದ, ನಾನು ತಿದ್ದಿದೆ, ತಮ್ಮ ಟೈಪ್ ಮಾಡಿದ. ಹಿನ್ನೆಲೆಯಲ್ಲಿ ಯಾರದೋ ಫೋನಿನಲ್ಲಿ ‘ಸಮುರಾಯ್’ ಮತ್ತೆ ಮೊದಲಿಂದ ಓಡುತ್ತಿತ್ತು.

ಉತ್ತರ ಬರುವುದಕ್ಕೆ ಹನ್ನೊಂದು ದಿನ ಆಯಿತು. ಪದ ಬದಲಾಯಿಸಿದ್ದರು, ಹದಿನೈದು ವರ್ಷ ಹಾಗೇ ಉಳಿಸಿದ್ದರು. ಇನ್ನೊಂದು ವಾರ ಯೋಚಿಸಿ ತಮ್ಮ ಸಹಿ ಮಾಡಿದ. ನನಗೆ ಒಳಗೊಳಗೇ ಬೇಜಾರಾಯಿತು, ಹೇಳಲಿಲ್ಲ. ಮೊನ್ನೆ ಫೋನ್ ಮಾಡಿದಾಗ ಹಾಡುಗಳು ಎಲ್ಲಿಗೆ ಬಂತು ಅಂತ ಕೇಳಿದೆ.

‘ಆರು ಕಳಿಸಿದ್ದೀನಿ ಅಕ್ಕ. ನಾಲ್ಕನೇದು ಅವರಿಗೆ ಇಷ್ಟ ಆಗಿಲ್ಲ’ ಅಂದ.

‘ಮತ್ತೆ?’

‘ಇರುತ್ತೆ. ನಾಲ್ಕನೇದಾಗೇ ಇರುತ್ತೆ.’