ಕಪ್ಪು ಅಂಗಿ ಕಲಿಸಿದ್ದು

ಆಫ್‌ಸೆಟ್ ಪ್ರೆಸ್ಸಿನಲ್ಲಿ ನನ್ನ ಕೆಲಸ. ಪ್ಲೇಟ್ ಹಾಕುವ ಮುಂಚೆ ಚಿತ್ರಗಳ ಬಣ್ಣ ಸರಿಮಾಡಿ ಕೊಡುತ್ತೇನೆ. ಕಪ್ಪನ್ನು ಹೇಗೆ ನೋಡಬೇಕು ಅಂತ ನನಗೆ ಕಲಿಸಿದ್ದು ಒಂದು ಡಚ್ ತೈಲಚಿತ್ರ.

ಇತಿಹಾಸದ ಪುಸ್ತಕವೊಂದಕ್ಕೆ ಡಚ್ ಮುತ್ಸದ್ದಿ ಯೋಹಾನ್ ಫಾನ್ ಓಲ್ಡನ್‌ಬಾರ್ನವೆಲ್ಟ್ ಅವರ ಭಾವಚಿತ್ರ ಪೂರ್ತಿ ಪುಟಕ್ಕೆ ಬೇಕಿತ್ತು. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಕಟ್ಟಿಸಲು ಓಡಾಡಿದವರು, 1609ರಲ್ಲಿ ಸ್ಪೇನ್ ಜೊತೆ 12 ವರ್ಷದ ಕದನವಿರಾಮಕ್ಕೆ ದುಡಿದವರು. ಅಂಥವರಿಗೆ 1619ರ ಮೇ 13ರಂದು, 71ನೇ ವಯಸ್ಸಿನಲ್ಲಿ, ಹೇಗ್ ನಗರದಲ್ಲಿ ಶಿರಚ್ಛೇದವಾಯಿತು. ಚಿತ್ರ ಡೆಲ್ಫ್ಟ್ ಊರಿನ ಕಲಾವಿದ ಮಿರೆವೆಲ್ಟ್ ಅವರ ಚಿತ್ರಶಾಲೆಯದು. ಬಿಳಿ ಗಡ್ಡ, ಕತ್ತಿನ ಸುತ್ತ ನೆರಿಗೆ ನೆರಿಗೆಯ ಬಿಳಿ ಕಾಲರ್, ಮೈಮೇಲೆ ಕಪ್ಪು ಬಟ್ಟೆ.

ಸ್ಕ್ರೀನಿನಲ್ಲಿ ಆ ಕಪ್ಪು ಮಂಕಾಗಿ ಕಂಡಿತು. ಹಳೇ ಚಿತ್ರ ಅಲ್ವಾ, ಮಾಸಿರಬೇಕು ಅಂದುಕೊಂಡೆ. ಕಾಂಟ್ರಾಸ್ಟ್ ಏರಿಸಿದೆ. ಸಯಾನ್ (ತಿಳಿನೀಲಿ), ಮಜೆಂಟಾ (ಗುಲಾಬಿಗೆಂಪು), ಹಳದಿ, ಕಪ್ಪು, ಈ ನಾಲ್ಕೂ ಇಂಕ್ ಜಾಸ್ತಿ ಕೊಟ್ಟೆ. ಮುಖ ಎದ್ದು ಬಂತು, ಖುಷಿಯಾಯಿತು.

ಮಷಿನ್‌ಗೆ ಏರಿದಾಗ ತಪ್ಪು ಗೊತ್ತಾಯಿತು. ಒಂದೊಂದು ಇಂಕಿಗೂ ಹೆಚ್ಚೆಂದರೆ 100 ಶೇಕಡಾ ಅಂತ ಲೆಕ್ಕ; ಕಪ್ಪಿನ ಜಾಗದಲ್ಲಿ ನಾಲ್ಕು ಇಂಕ್ ಸೇರಿ 360 ಶೇಕಡಾ ಆಗಿತ್ತು. ಆ ಆರ್ಟ್ ಪೇಪರಿಗೆ ನಾವು 300 ದಾಟಿಸುವುದಿಲ್ಲ. ಇಂಕ್ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟಿತು. ಹಾಳೆ ಹಾಳಾಗಿದ್ದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಇನ್ನೊಂದಕ್ಕೆ: ಅಂಗಿಯೇ ಮಾಯವಾಗಿತ್ತು. ತೋಳೆಲ್ಲಿ, ಹಿನ್ನೆಲೆಯೆಲ್ಲಿ ತಿಳಿಯದ ಹಾಗೆ ಡಾಂಬರು ಬಳಿದಂತಿತ್ತು.

ಮಷಿನ್ ನಡೆಸುವ ಹಿರಿಯರನ್ನು ನಾವೆಲ್ಲ ಅಣ್ಣ ಅಂತೀವಿ. ಅವರು ಬೈಯಲಿಲ್ಲ. "ಬಂದ ಫೈಲ್ ದೊಡ್ಡದು ಮಾಡಿ ನೋಡಿದ್ಯಾ?" ಅಂತ ಕೇಳಿದರು, ಅಷ್ಟೇ. ನೋಡಿರಲಿಲ್ಲ.

ಅವತ್ತು ಸಂಜೆ ಕೂತು ನೋಡಿದೆ. ಒಂದೇ ಕಪ್ಪಿನಲ್ಲಿ ಎಷ್ಟು ಬಗೆ! ಬೆಳಕು ಬಿದ್ದ ಭುಜದಲ್ಲಿ ಬೂದಿ ಬಣ್ಣದ ಎಳೆ. ಮಡಿಕೆಯೊಳಗೆ ಕಂದು. ಹಿಂದಿನ ಕತ್ತಲೇ ಬೇರೆ. ನಾನು ಮಂಕು ಅಂದುಕೊಂಡು ಒರೆಸಿಹಾಕಿದ್ದು ಇದನ್ನೇ. ಆ ಕಾಲದಲ್ಲಿ ಒಳ್ಳೆ ಕಪ್ಪು ಬಟ್ಟೆ ದುಬಾರಿ. ಮೊದಲು ನೀಲಿಯಲ್ಲಿ ಅದ್ದಿ, ಅದರ ಮೇಲೆ ಬೇರಿನಿಂದ ತೆಗೆದ ಕೆಂಪು ಮತ್ತೆ ಬೇರೆ ಬಣ್ಣ ಹತ್ತಿಸಿ ಆ ಕಪ್ಪು ಬರಿಸುತ್ತಿದ್ದರು. ನಾವೂ ಗಾಢ ಕಪ್ಪು ಬೇಕಾದರೆ ಕೆಳಗೆ ಸಯಾನ್ ಕೊಡುತ್ತೇವಲ್ಲ, ಹಾಗೇ. ಆ ಮುತ್ಸದ್ದಿಯ ಗತ್ತು, ಅಂತಸ್ತು ಎಲ್ಲ ಆ ಬಟ್ಟೆಯಲ್ಲಿತ್ತು. ಮುಖ ಎಬ್ಬಿಸುವ ಆಸೆಯಲ್ಲಿ ಅದನ್ನೇ ನಾನು ಅಳಿಸಿದ್ದೆ.

ಮೂಲ ಫೈಲಿನಿಂದ ಮತ್ತೆ ಶುರುಮಾಡಿದೆ. ಕತ್ತಲ ಭಾಗದಲ್ಲಿ ಸಯಾನ್, ಮಜೆಂಟಾ, ಹಳದಿ ಇಳಿಸಿ ಭಾರವನ್ನು ಕಪ್ಪು ಇಂಕಿನ ಮೇಲೆ ಬಿಟ್ಟೆ. ನಾಲ್ಕೂ ಸೇರಿ 290ಕ್ಕೆ ಬಂತು. ಕಾಲರಿನ ಬಿಳಿಯಲ್ಲೂ ನೆರಿಗೆ ಉಳಿಯುವಷ್ಟು ಇಂಕಿನ ಸಣ್ಣ ಚುಕ್ಕಿ ಇಟ್ಟೆ. ಕಾಂಟ್ರಾಸ್ಟ್ ಮುಟ್ಟಲಿಲ್ಲ.

ಎರಡನೇ ಸಲ ಹಾಳೆ ಬಂದಾಗ ಅಣ್ಣ ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಭುಜದ ಗೆರೆಯ ಮೇಲೆ ಬೆರಳಾಡಿಸಿದರು. "ಈಗ ಅಂಗಿ ಹಾಕ್ಕೊಂಡಿದಾರೆ ನೋಡಪ್ಪ," ಅಂದು ಮಷಿನ್ ಓಡಿಸಿದರು.