ಮನೆಗೆ ಕಳ್ಳರ ಅಲಾರಾಂ: ಗೋಡೆ ಕೆಲಸ ಅವರಿಗೆ, ಕೋಡ್ ಮತ್ತು ಟೆಸ್ಟಿಂಗ್ ನಿಮಗೆ

ಅಲಾರಾಂ ನಾವೇ ಹಾಕಿಕೊಳ್ಳೋದಾ, ಹಾಕುವವರನ್ನು ಕರೆಸೋದಾ? ಬೆಂಗಳೂರಿನ ಮಟ್ಟಿಗೆ ನನ್ನ ಉತ್ತರ ಇದು. ಬಾಡಿಗೆ ಮನೆ ಅಥವಾ ಎರಡು ಬೆಡ್‌ರೂಮಿನ ಫ್ಲ್ಯಾಟ್ ಆದರೆ ಒಳ್ಳೆಯ ವೈರ್‌ಲೆಸ್ ಕಿಟ್ ತಂದು ನೀವೇ ಹಾಕಿಕೊಳ್ಳಿ, ಒಂದು ಭಾನುವಾರದ ಕೆಲಸ. 30×40 ಸೈಟಿನಲ್ಲಿ ಮಹಡಿ ಇರುವ ಸ್ವಂತ ಮನೆಯಾದರೆ ಗೋಡೆ ಕೊರೆಯೋದು, ವೈರ್ ಎಳೆಯೋದು, ಹೊರಗಿನ ಸೈರನ್ ಕೂರಿಸೋದು ಬಲ್ಲವರಿಗೆ ಬಿಡಿ. ಆದರೆ ಸೆನ್ಸರ್ ಎಲ್ಲೆಲ್ಲಿ ಇರಬೇಕು ಅನ್ನೋ ತೀರ್ಮಾನ, ಪ್ಯಾನೆಲ್‌ನ (ಎಲ್ಲ ಸೆನ್ಸರ್‌ಗಳನ್ನೂ ನೋಡಿಕೊಳ್ಳುವ ಮುಖ್ಯ ಡಬ್ಬಿಯ) ಕೋಡ್, ಕೊನೆಯ ಟೆಸ್ಟಿಂಗ್ ಈ ಮೂರನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. ಹಾಕಿ ವರ್ಷವಾದ ಮೇಲೆ ಅಲಾರಾಂ ಕೈಕೊಡುವುದು ಬಹುತೇಕ ಈ ಮೂರರಲ್ಲಿ ಒಂದು ತಪ್ಪಿದ್ದರಿಂದಲೇ.

ಅಂಗಡಿಗೆ ಹೋಗುವ ಮುಂಚೆ ಮನೆಯ ಸುತ್ತ ಒಂದು ಸುತ್ತು ಬನ್ನಿ. ನಮ್ಮ ಕಡೆಯ ಮನೆಗಳಲ್ಲಿ ಮುಂಬಾಗಿಲಿಗೆ ಸೇಫ್ಟಿ ಗ್ರಿಲ್, ಎರಡೆರಡು ಬೀಗ ಇರುತ್ತವೆ. ಹಿಂದೆ ಯುಟಿಲಿಟಿಗೆ ತೆರೆಯುವ ಬಾಗಿಲು ತೆಳು ಫ್ಲಷ್ ಡೋರ್, ಅದಕ್ಕೊಂದು ಅಲ್ಯೂಮಿನಿಯಂ ಚಿಲಕ. ಟೆರೇಸಿನ ಹೆಡ್‌ರೂಮ್ ಬಾಗಿಲು ಇನ್ನೂ ದುರ್ಬಲ. ಪಕ್ಕದ ಮನೆಯ ಟೆರೇಸಿಗೂ ನಮ್ಮದಕ್ಕೂ ಮೂರಡಿ ಅಂತರ ಇರುವ ಬಡಾವಣೆಗಳಲ್ಲಿ ಅದೇ ಸುಲಭದ ದಾರಿ. ಹಾಗಾಗಿ ಮ್ಯಾಗ್ನೆಟಿಕ್ ಡೋರ್ ಕಾಂಟ್ಯಾಕ್ಟ್ (ಬಾಗಿಲು ತೆರೆದರೆ ತಿಳಿಸುವ ಸೆನ್ಸರ್) ಮೊದಲು ಹೋಗಬೇಕಾದದ್ದು ಈ ಎರಡು ಬಾಗಿಲಿಗೆ, ಆಮೇಲೆ ಮುಂಬಾಗಿಲಿಗೆ. ಗ್ರಿಲ್ ಇರುವ ಮರದ ಕಿಟಕಿಗೆ ಕಾಂಟ್ಯಾಕ್ಟ್ ಹಾಕಿ ದುಡ್ಡು ಕಳೆಯಬೇಡಿ. ಸೆಕೆಗೆ ತೆರೆದಿಟ್ಟ ಕಿಟಕಿಯ ಗ್ರಿಲ್ ಕತ್ತರಿಸಿದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಒಳಗಿನ ಮೋಷನ್ ಸೆನ್ಸರ್.

ಒಂದು ಸಾಧಾರಣ ಡ್ಯೂಪ್ಲೆಕ್ಸ್‌ಗೆ ಮೂರು ಡೋರ್ ಕಾಂಟ್ಯಾಕ್ಟ್, ಮೂರು ಮೋಷನ್ ಸೆನ್ಸರ್ (ಹಾಲ್, ಮೆಟ್ಟಿಲು, ಬೀರು ಇರುವ ಬೆಡ್‌ರೂಮ್), ಒಳಗೊಂದು ಹೊರಗೊಂದು ಸೈರನ್, ಕೀಪ್ಯಾಡ್, ಮಂಚದ ಪಕ್ಕ ಒಂದು ಪ್ಯಾನಿಕ್ ಬಟನ್. ಎಂಟು ಝೋನಿನ ಪ್ಯಾನೆಲ್ ಸಾಕು. ಝೋನ್ ಅಂದರೆ ಪ್ಯಾನೆಲ್ ಬೇರೆಯಾಗಿ ಗುರುತಿಸುವ ಒಂದು ಲೈನ್. ಪ್ರತಿ ಸೆನ್ಸರ್‌ಗೂ ಒಂದೊಂದು ಝೋನ್ ಕೊಡಿ. ವೈರ್ ಉಳಿಸಲು ಎರಡು ಬಾಗಿಲನ್ನು ಒಂದೇ ಝೋನಿಗೆ ಸೇರಿಸಿದರೆ, ಸುಳ್ಳು ಅಲಾರಾಂ ಬಂದಾಗ ಯಾವುದು ಅಂತ ಹುಡುಕಿ ಸಾಕಾಗುತ್ತದೆ.

ಮೋಷನ್ ಸೆನ್ಸರ್ ಅಂದರೆ ಪಿಐಆರ್. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ಸುಳ್ಳು ಅಲಾರಾಂಗಳಲ್ಲಿ ಹೆಚ್ಚಿನವು ಇದರ ಜಾಗ ತಪ್ಪಿದ್ದರಿಂದ ಬರುವಂಥವು. ಮೈಯಿಂದ ಹೊರಡುವ ಶಾಖ ಸೆನ್ಸರಿನ ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ದಾಟಿದಾಗ ಅದು ಎಚ್ಚರಗೊಳ್ಳುತ್ತದೆ. ಆದ್ದರಿಂದ ಕಳ್ಳ ಅದರ ಎದುರಿಗೆ ನೇರ ನಡೆದು ಬರುವಂತೆ ಇಡಬಾರದು, ಅಡ್ಡ ಹಾಯುವಂತೆ ಇಡಬೇಕು. ಕೋಣೆಯ ಮೂಲೆ, ನೆಲದಿಂದ 2.1ರಿಂದ 2.4 ಮೀಟರ್ ಎತ್ತರ. ಸಾಮಾನ್ಯ ಮಾಡೆಲ್ ಸುಮಾರು 12 ಮೀಟರ್ ದೂರ ನೋಡುತ್ತದೆ, ನಮ್ಮ ಹಾಲ್‌ಗಳಿಗೆ ಅದು ಧಾರಾಳ. ಕಿಟಕಿಗೆ ಮುಖ ಮಾಡಿ ಹಾಕಬೇಡಿ: ಗಾಜಿನಾಚೆ ನಿಂತವನ ಶಾಖ ಗಾಜು ದಾಟಿ ಬರುವುದಿಲ್ಲ, ಆದರೆ ಬಿಸಿಲು ಮೋಡ ಆಡುವಾಗ ಕಾದು ತಣಿಯುವ ನೆಲ, ಪರದೆ ಅದನ್ನು ಏಮಾರಿಸುತ್ತವೆ. ದೀಪ ಹಚ್ಚಿಟ್ಟು ಹೊರಗೆ ಹೋಗುವ ಅಭ್ಯಾಸವಿದ್ದರೆ ದೇವರಮನೆಯ ಕಡೆಗೂ ಮುಖ ಬೇಡ. ಅಲುಗಾಡುವ ಜ್ವಾಲೆಯೂ ಶಾಖವೇ.

ಇನ್ನು ಹಲ್ಲಿ. ರಾತ್ರಿ ಎರಡು ಗಂಟೆಗೆ ಸೈರನ್ ಕೂಗಿ, ಮನೆಯವರೆಲ್ಲ ಎದ್ದು ನೋಡಿದರೆ ಯಾರೂ ಇಲ್ಲ ಅನ್ನುವ ಪ್ರಕರಣಗಳಲ್ಲಿ ಮೊದಲ ಸಂಶಯ ಹಲ್ಲಿ, ಜಿರಲೆಗಳ ಮೇಲೆ ಇರಲಿ. ಲೆನ್ಸ್ ಮೇಲೆಯೇ ಹಲ್ಲಿ ಹರಿದರೆ ಅಷ್ಟು ಹತ್ತಿರದಲ್ಲಿ ಅದು ಸೆನ್ಸರಿಗೆ ಮನುಷ್ಯನಷ್ಟೇ ದೊಡ್ಡದು. ವೈರ್ ಒಳಹೋಗಲು ಹಿಂದೆ ಮಾಡಿದ ತೂತಿನಿಂದ ಇರುವೆ, ಜಿರಲೆ ಒಳಗೇ ಸೇರುತ್ತವೆ. ವೈರ್ ಎಳೆದ ಮೇಲೆ ಆ ತೂತನ್ನು, ಗೋಡೆಗೆ ತಾಗುವ ಅಂಚನ್ನು ಸಿಲಿಕೋನ್‌ನಿಂದ ಮುಚ್ಚಿ. ಟ್ಯೂಬ್‌ಲೈಟ್ ಪಕ್ಕ ಸೆನ್ಸರ್ ಇಡಬೇಡಿ. ಬೆಳಕಿಗೆ ಹುಳ, ಹುಳಕ್ಕೆ ಹಲ್ಲಿ. ಕೊಂಡುಕೊಳ್ಳುವಾಗ ಪಲ್ಸ್ ಕೌಂಟ್ (ಎಷ್ಟು ಸಲ ಚಲನೆ ಕಂಡರೆ ಅಲಾರಾಂ ಕೊಡಬೇಕು ಅನ್ನೋ ಎಣಿಕೆ) ಹೊಂದಿಸಲು ಬರುವ, ತಾಪಮಾನ ಸರಿದೂಗಿಸುವ ಮಾಡೆಲ್ ಕೇಳಿ. ಏಪ್ರಿಲ್ ಸಂಜೆ ಮುಚ್ಚಿದ ಮೇಲಿನ ಮಹಡಿಯಲ್ಲಿ ಕಾದ ತಾರಸಿಯ ಕೆಳಗೆ ಕೋಣೆಯ ಶಾಖ ಮನುಷ್ಯನ ಚರ್ಮದ ಶಾಖದ ಹತ್ತಿರ ಬಂದುಬಿಡುತ್ತದೆ. ಆಗ ಅಗ್ಗದ ಸೆನ್ಸರ್‌ಗೆ ವ್ಯತ್ಯಾಸ ಕಾಣುವುದು ಕಷ್ಟ. ಸಾಕುನಾಯಿ ಇದ್ದರೆ 25 ಕೆಜಿಯವರೆಗೆ ಲೆಕ್ಕಿಸದ ಮಾಡೆಲ್‌ಗಳಿವೆ, ಆದರೆ ಬೆಳೆದ ಲ್ಯಾಬ್ರಡಾರ್ ಅದಕ್ಕಿಂತ ಭಾರ ಇರಬಹುದು. ಸೋಫಾ, ಬೀರು ಹತ್ತುವ ಬೆಕ್ಕಿಗೆ ಆ ಲೆಕ್ಕ ನಡೆಯುವುದೇ ಇಲ್ಲ.

ಡೋರ್ ಕಾಂಟ್ಯಾಕ್ಟ್ ಸರಳ: ಚೌಕಟ್ಟಿನಲ್ಲಿ ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದರೆ ಕೆಲಸ ಮಾಡುವ ಸ್ವಿಚ್), ಬಾಗಿಲಲ್ಲಿ ಮ್ಯಾಗ್ನೆಟ್. ಬಾಗಿಲು ಮುಚ್ಚಿದಾಗ ಎರಡರ ನಡುವೆ 10 ಮಿಲಿಮೀಟರ್‌ಗಿಂತ ಕಡಿಮೆ ಅಂತರ ಇರಲಿ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಸರಿಯಾಗಿ ಕೂರುವುದಿಲ್ಲ. ಬೇಸಿಗೆಯಲ್ಲಿ ಸರಿಯಿದ್ದ ಅಂತರ ಆಗಸ್ಟ್‌ನಲ್ಲಿ ಹೆಚ್ಚಾಗಿ, ಗಾಳಿಗೆ ಬಾಗಿಲು ಅದುರಿದರೂ ಅಲಾರಾಂ ಬರುತ್ತದೆ. ಕಬ್ಬಿಣದ ಬಾಗಿಲು, ರೋಲಿಂಗ್ ಶಟರ್‌ಗೆ ಸಾಮಾನ್ಯ ಕಾಂಟ್ಯಾಕ್ಟ್ ಬೇಡ, ಕಬ್ಬಿಣವೇ ಮ್ಯಾಗ್ನೆಟ್‌ನ ಬಲ ತಿನ್ನುತ್ತದೆ. ಅವಕ್ಕೆಂದೇ ದಪ್ಪ ಲೋಹದ ಶಟರ್ ಕಾಂಟ್ಯಾಕ್ಟ್ ಸಿಗುತ್ತದೆ. ಡಬಲ್ ಟೇಪ್ ನಂಬಬೇಡಿ. ಡಿಸ್ಟೆಂಪರ್ ಗೋಡೆಯಲ್ಲಿ ಟೇಪು ಸುಣ್ಣದ ಪದರವನ್ನೇ ಕಿತ್ತುಕೊಂಡು ಬೀಳುತ್ತದೆ. 6 ಎಂಎಂ ಬಿಟ್, ಪ್ಲಾಸ್ಟಿಕ್ ಪ್ಲಗ್, ಎರಡು ಸ್ಕ್ರೂ.

ವೈರಿನ ವಿಷಯಕ್ಕೆ ಬಂದರೆ, ಸೆನ್ಸರ್‌ಗಳಿಗೆ 0.22 ಚದರ ಮಿಲಿಮೀಟರಿನ ನಾಲ್ಕು ಕೋರ್ ಅಲಾರಾಂ ಕೇಬಲ್ ಸಾಕು. ಅದೇ ಕೇಬಲ್ಲನ್ನು ಸೈರನ್ನಿಗೂ ಎಳೆದರೆ ಕೆಟ್ಟಿತು. ಅದರ ರೆಸಿಸ್ಟೆನ್ಸ್ ಮೀಟರಿಗೆ ಸುಮಾರು 0.08 ಓಮ್. ಸೈರನ್ 20 ಮೀಟರ್ ದೂರದಲ್ಲಿದ್ದರೆ ಹೋಗಿಬರುವ 40 ಮೀಟರಿಗೆ 3.2 ಓಮ್, ಒಂದು ಆಂಪಿಯರ್ ಎಳೆಯುವ ಸೈರನ್‌ಗೆ ತಲುಪುವ ಹೊತ್ತಿಗೆ 12 ವೋಲ್ಟಿನಲ್ಲಿ ಮೂರು ವೋಲ್ಟ್ ದಾರಿಯಲ್ಲೇ ಹೋಗಿರುತ್ತದೆ. ಸೈರನ್ ಕೂಗುವ ಬದಲು ನರಳುತ್ತದೆ. ಅಲ್ಲಿಗೆ 1 ಚದರ ಮಿಲಿಮೀಟರ್ ವೈರ್ ಎಳೆಸಿ, ನಷ್ಟ ಮುಕ್ಕಾಲು ವೋಲ್ಟ್ ಒಳಗೆ ನಿಲ್ಲುತ್ತದೆ. ಅಲಾರಾಂ ಕೇಬಲ್ಲನ್ನು 230 ವೋಲ್ಟಿನ ಪೈಪಿನೊಳಗೆ ತೂರಿಸಲು ಯಾರಿಗೂ ಬಿಡಬೇಡಿ. ಹೊಸ ಮನೆ ಕಟ್ಟುತ್ತಿದ್ದರೆ ಪ್ಲಾಸ್ಟರಿಂಗ್‌ಗೆ ಮುಂಚೆ ಇದಕ್ಕೆಂದೇ ಬೇರೆ ಪೈಪ್ ಹಾಕಿಸಿ, ಖರ್ಚು ತೀರಾ ಕಡಿಮೆ.

ಹಾಕುವವರು ಅವಸರದಲ್ಲಿ ಮಾಡುವ ಒಂದು ಕಳ್ಳಗೆಲಸ ಇದೆ, ಇದನ್ನು ನೀವೇ ಹಿಡಿಯಬಹುದು. ಪ್ರತಿ ಝೋನಿನ ಕೊನೆಗೆ ಎಂಡ್ ಆಫ್ ಲೈನ್ ರೆಸಿಸ್ಟರ್ ಇರಬೇಕು, ಅದು ಎಷ್ಟು ಓಮ್‌ನದು ಅಂತ ಪ್ಯಾನೆಲಿನ ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುತ್ತದೆ. ಅದು ಸೆನ್ಸರಿನ ಬಳಿ ಇದ್ದರೆ ಮಾತ್ರ, ದಾರಿಯಲ್ಲಿ ಯಾರಾದರೂ ವೈರ್ ಕತ್ತರಿಸಿದರೂ, ಎರಡು ವೈರ್ ಸೇರಿಸಿಬಿಟ್ಟರೂ ಪ್ಯಾನೆಲ್‌ಗೆ ತಿಳಿಯುತ್ತದೆ. ಏಣಿ ಹತ್ತುವ ಶ್ರಮ ಉಳಿಸಲು ಎಲ್ಲ ರೆಸಿಸ್ಟರ್‌ಗಳನ್ನೂ ಪ್ಯಾನೆಲ್ ಡಬ್ಬಿಯೊಳಗೇ ಸಿಕ್ಕಿಸುವವರಿದ್ದಾರೆ. ಡಬ್ಬಿ ತೆರೆದು ನೋಡಿ. ಬಣ್ಣದ ಪಟ್ಟೆಯ ಪುಟ್ಟ ರೆಸಿಸ್ಟರ್‌ಗಳು ಟರ್ಮಿನಲ್‌ಗಳಲ್ಲಿ ಸಾಲಾಗಿ ನಿಂತಿದ್ದರೆ ಕೆಲಸ ಮತ್ತೆ ಮಾಡಿಸಿ. ಬಳಸದೆ ಬಿಟ್ಟ ಝೋನ್‌ಗಳಿಗೆ ಮಾತ್ರ ಅಲ್ಲಿ ರೆಸಿಸ್ಟರ್ ಇರಬಹುದು.

ಕರೆಂಟ್ ಹೋದಾಗ ಇಡೀ ವ್ಯವಸ್ಥೆ ನಿಂತಿರುವುದು ಬ್ಯಾಟರಿಯ ಮೇಲೆ. 12 ವೋಲ್ಟ್, 7 ಆಂಪಿಯರ್ ಅವರ್‌ನ ಸೀಲ್ಡ್ ಬ್ಯಾಟರಿ ಹಾಕಿಸಿ. ಪ್ಯಾನೆಲ್, ಕೀಪ್ಯಾಡ್, ಸೆನ್ಸರ್ ಎಲ್ಲ ಸೇರಿ ಸುಮಾರು 120 ಮಿಲಿ ಆಂಪಿಯರ್ ಎಳೆದರೆ ಲೆಕ್ಕದ ಪ್ರಕಾರ 58 ಗಂಟೆ. ಬ್ಯಾಟರಿ ಹಳೆಯದಾಗುವುದನ್ನು, ಸೈರನ್ನಿಗೆ ಉಳಿಸಬೇಕಾದ್ದನ್ನು ಕಳೆದರೆ ಒಂದೂವರೆ ದಿನ ಅಂತ ನಂಬಬಹುದು. ಪ್ಯಾನೆಲಿನ ಪ್ಲಗ್ ಪಾಯಿಂಟ್‌ಗೆ ಸ್ವಿಚ್ ಇರಬಾರದು, ಇದ್ದರೆ ಮನೆ ಒರೆಸುವಾಗಲೋ ಇಸ್ತ್ರಿ ಪೆಟ್ಟಿಗೆಗೆ ಪಾಯಿಂಟ್ ಬೇಕಾದಾಗಲೋ ಯಾರೋ ಆಫ್ ಮಾಡುತ್ತಾರೆ, ಬ್ಯಾಟರಿ ಬರಿದಾಗುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ವೈಫೈ ಮೇಲೆ ನಡೆಯುವ ಕಿಟ್ ಆದರೆ ರೂಟರ್‌ಗೂ ಪುಟ್ಟ ಯುಪಿಎಸ್ ಬೇಕು. ಬೀದಿಯ ಫೈಬರ್ ಬಾಕ್ಸಿಗೇ ಕರೆಂಟ್ ಇಲ್ಲದಾಗ ಅದೂ ನೆರವಿಗೆ ಬಾರದು. ಅದಕ್ಕೇ ಸಿಮ್ ಹಾಕಿ ತಾನೇ ನಿಮ್ಮ ಫೋನಿಗೆ ಕರೆ ಮಾಡುವ ಪ್ಯಾನೆಲ್ ಮೇಲು.

ಸಿಮ್ಮಿನಲ್ಲಿ ಎರಡು ತೊಡಕು. ಅಗ್ಗದ ಪ್ಯಾನೆಲ್‌ಗಳಲ್ಲಿ ಇರುವುದು 2ಜಿ ಮಾಡ್ಯೂಲ್, ಅದರಲ್ಲಿ ಜಿಯೋ ಸಿಮ್ ಕೆಲಸ ಮಾಡುವುದೇ ಇಲ್ಲ, ಜಿಯೋಗೆ 2ಜಿ ಇಲ್ಲ. ಈಗ ಕೊಳ್ಳುವುದಾದರೆ 4ಜಿ ಇರುವುದನ್ನೇ ಕೊಳ್ಳಿ. ಎರಡನೆಯದು ರೀಚಾರ್ಜ್: ಕರೆಯೇ ಮಾಡದ ಸಿಮ್ ಎಲ್ಲರಿಗೂ ಮರೆತುಹೋಗುತ್ತದೆ. ಕ್ಯಾಲೆಂಡರಿನಲ್ಲಿ ತಾರೀಖು ಬರೆದಿಡಿ, ತಿಂಗಳಿಗೊಮ್ಮೆ ಅಲಾರಾಂ ಕೂಗಿಸಿ ಕರೆ ಬರುತ್ತದಾ ನೋಡಿ.

ಅಮೆರಿಕದಿಂದ ಮಕ್ಕಳು ತಂದುಕೊಡುವ ಕಿಟ್ ಬಗ್ಗೆ ಒಂದು ಮಾತು. ಅಲ್ಲಿನ ಅಡಾಪ್ಟರ್‌ಗಳಲ್ಲಿ ಹಲವು 120 ವೋಲ್ಟಿನವು, ನಮ್ಮ 230ಕ್ಕೆ ಹಾಕಿದರೆ ಸುಟ್ಟುಹೋಗುತ್ತವೆ. ಸೆನ್ಸರ್‌ಗಳ ತರಂಗಾಂತರವೂ ಅಲ್ಲಿಯದು, ಹಾಳಾದರೆ ಇಲ್ಲಿ ಬದಲಿ ಸಿಗುವುದಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿನಲ್ಲಿ ಸಿಗುವ ತೀರಾ ಅಗ್ಗದ 433 ಮೆಗಾಹರ್ಟ್ಸ್ ಕಿಟ್‌ಗಳಿಗೆ ಇನ್ನೊಂದು ದೋಷ: ರಿಮೋಟ್ ಪ್ರತಿ ಸಲವೂ ಒಂದೇ ಕೋಡ್ ಕಳಿಸುತ್ತದೆ, ಅದನ್ನು ಹಿಡಿದು ಮತ್ತೆ ಬಿಟ್ಟರೆ ಅಲಾರಾಂ ಆಫ್. ಬಾಡಿಗೆ ಮನೆಗೆ ಏನೂ ಇಲ್ಲದ್ದಕ್ಕಿಂತ ಅದೂ ವಾಸಿ. ಚಿನ್ನ ಇಡುವ ಮನೆಗೆ ರೋಲಿಂಗ್ ಕೋಡ್ (ಪ್ರತಿ ಸಲವೂ ಬದಲಾಗುವ ಕೋಡ್) ಅಥವಾ ಎನ್‌ಕ್ರಿಪ್ಷನ್ ಇರುವ, ಸೆನ್ಸರ್ ಸತ್ತರೆ ತಾನೇ ತಿಳಿಸುವ ಎರಡು ದಾರಿಯ ವೈರ್‌ಲೆಸ್ ಬೇಕು. ಹಳೆಯ ಕಲ್ಲುಗೋಡೆಯ ಮನೆ, ಎರಡು ತಾರಸಿ ದಾಟಬೇಕಾದ ಮನೆಗಳಲ್ಲಿ ಸ್ಕ್ರೂ ಹಾಕುವ ಮುಂಚೆ ಸೆನ್ಸರ್ ಕೈಯಲ್ಲಿ ಹಿಡಿದು ಆ ಜಾಗದಿಂದಲೇ ಸಿಗ್ನಲ್ ನೋಡಿ.

ಹಾಕುವವರನ್ನು ಕರೆಸಿದರೆ ಕೊಟೇಶನ್‌ನಲ್ಲಿ ಸೆನ್ಸರಿನ ಮಾಡೆಲ್, ವೈರಿನ ಅಳತೆ, ಬ್ಯಾಟರಿಯ ಆಂಪಿಯರ್ ಅವರ್, ಜಿಎಸ್‌ಟಿ ಸೇರಿದ್ದಾ ಇಲ್ಲವಾ ಎಲ್ಲ ಬರಹದಲ್ಲಿ ಇರಲಿ. ಬಾಕಿ ಹಣ ಕೊಡುವ ಮುಂಚೆ ಇನ್‌ಸ್ಟಾಲರ್ ಕೋಡ್ (ಪ್ಯಾನೆಲಿನ ಸೆಟ್ಟಿಂಗ್ ಬದಲಿಸುವ ಕೋಡ್) ಕೇಳಿ ಪಡೆಯಿರಿ. ಅದು ಅವರಲ್ಲೇ ಉಳಿದರೆ ಮುಂದೆ ಒಂದು ಸೆನ್ಸರ್ ಸೇರಿಸಲೂ ಅವರನ್ನೇ ಕಾಯಬೇಕು. ಫ್ಯಾಕ್ಟರಿಯ ಕೋಡೇ ಉಳಿದಿದ್ದರೆ ಅದು ಮ್ಯಾನ್ಯುಯಲ್ ಓದಿದವರಿಗೆಲ್ಲ ಗೊತ್ತು. ಪಡೆದ ದಿನವೇ ಬದಲಿಸಿ.

ಹೊರಡುವ ಸಮಯವನ್ನು, ಅಂದರೆ ಅಲಾರಾಂ ಆನ್ ಮಾಡಿ ಹೊರಬರಲು ಸಿಗುವ ಸೆಕೆಂಡ್‌ಗಳನ್ನು, ನಿಮ್ಮ ಮನೆಯ ಬೀಗಗಳಿಗೆ ತಕ್ಕಂತೆ ಇಡಿ. ಮುಂಬಾಗಿಲು, ಗ್ರಿಲ್ ಎರಡಕ್ಕೂ ಬೀಗ ಹಾಕಿ, ಮರೆತ ಛತ್ರಿ ತರಲು ಒಮ್ಮೆ ಒಳಹೋಗಿ ಬರುವವರಿಗೆ 30 ಸೆಕೆಂಡ್ ಸಾಲದು, 90 ಬೇಕು. ಒಳಬಂದು ಕೋಡ್ ಒತ್ತಲು 30 ಸಾಕು. ಸೈರನ್ ಮೂರರಿಂದ ಐದು ನಿಮಿಷ ಕೂಗಿ ತಾನೇ ನಿಂತು ಮತ್ತೆ ಕಾವಲಿಗೆ ಬರುವಂತೆ ಹೊಂದಿಸಿ. ಗಂಟೆಗಟ್ಟಲೆ ಕೂಗಿದರೆ ಪಕ್ಕದವರು ಮುಂದಿನ ಸಲ ಕಿಟಕಿಯನ್ನೂ ತೆರೆಯುವುದಿಲ್ಲ. ಪ್ಯಾನೆಲ್ ಮೊದಲು ಕರೆ ಮಾಡುವ ನಂಬರ್ ನಿಮ್ಮದು, ಎರಡನೆಯದು ನಡೆದು ಬರುವಷ್ಟು ಹತ್ತಿರ ಇರುವ ಒಬ್ಬರದು. 112 ನಂಬರನ್ನು ಪ್ಯಾನೆಲ್‌ನಲ್ಲಿ ಹಾಕಬೇಡಿ, ಆ ಕರೆಯನ್ನು ಕಣ್ಣಾರೆ ನೋಡಿದ ಮನುಷ್ಯರೇ ಮಾಡಬೇಕು.

ಕೊನೆಗೆ ಟೆಸ್ಟಿಂಗ್. ಪ್ಯಾನೆಲ್ಲನ್ನು ವಾಕ್ ಟೆಸ್ಟ್ ಮೋಡ್‌ಗೆ (ನಡೆದಾಡಿ ಸೆನ್ಸರ್ ಪರೀಕ್ಷಿಸುವ ಮೋಡ್) ಹಾಕಿ ಪ್ರತಿ ಬಾಗಿಲು ತೆರೆಯಿರಿ, ಪ್ರತಿ ಕೋಣೆಯಲ್ಲಿ ನಿಧಾನವಾಗಿಯೂ ಬೇಗವಾಗಿಯೂ ನಡೆಯಿರಿ. ಆಮೇಲೆ ರಾತ್ರಿ ಎಂಟಕ್ಕೆ ಪ್ಯಾನೆಲಿನ ಕರೆಂಟ್ ತೆಗೆದು ಬೆಳಗ್ಗೆ ಎಂಟಕ್ಕೆ ಮಲ್ಟಿಮೀಟರ್ ಹಿಡಿಯಿರಿ. ಹೊಸ ಬ್ಯಾಟರಿ 12.4 ವೋಲ್ಟಿನ ಮೇಲಿರಬೇಕು. ಮುಂದೆ ಯಾವತ್ತಾದರೂ ಇದೇ ಟೆಸ್ಟ್‌ನಲ್ಲಿ 12ರ ಕೆಳಗೆ ಕಂಡರೆ ಅದರ ಕಾಲ ಮುಗಿಯಿತು, ಬದಲಿಸಿ. ದಸರಾ ರಜೆಗೆ ಊರಿಗೆ ಹೊರಡುವ ಹಿಂದಿನ ವಾರ ಈ ಟೆಸ್ಟ್ ಮಾಡಿಕೊಂಡರೆ, ಹೊಸ ಬ್ಯಾಟರಿ ತಂದು ಹಾಕಲು ಸಮಯ ಉಳಿಯುತ್ತದೆ. ಹೊಸದನ್ನು ಕೂರಿಸುವಾಗ ಕೆಂಪು ವೈರ್ ಪ್ಲಸ್‌ಗೇ ಹೋಯಿತಾ ನೋಡಿ, ತಿರುಗುಮುರುಗಾದರೆ ಬೋರ್ಡಿನ ಫ್ಯೂಸ್ ಹೋಗುತ್ತದೆ. ಹಾಕಿದ ತಿಂಗಳು, ವರ್ಷವನ್ನು ಮಾರ್ಕರ್‌ನಲ್ಲಿ ಬ್ಯಾಟರಿಯ ಮೇಲೆಯೇ ಬರೆಯಿರಿ.